ಮಿಲ್ಲೆ ಮಿಲ್ಯಾದ ಕೊನೆಯ ವಿಜಯಿ

1957ನೆಯ ಇಸವಿಯ ಮೇ ತಿಂಗಳ 12ನೆಯ ತಾರೀಖು ಭಾನುವಾರ, ಬೆಳಗಿನ 5 ಗಂಟೆ 35 ನಿಮಿಷಕ್ಕೆ, ಉತ್ತರ ಇಟಲಿಯ ಬ್ರೆಷಾ ನಗರದ ವಿಯಾಲೆ ವೆನೆಜಿಯಾ ಎಂಬ ಹೆಬ್ಬೀದಿಯಲ್ಲಿ ನಿಲ್ಲಿಸಿದ್ದ ಇಳಿಜಾರು ವೇದಿಕೆಯ ಮೇಲಿಂದ ಕೆಂಪು ಬಣ್ಣದ ಫೆರಾರಿ ಕಾರೊಂದು ಇಳಿದು ಪೂರ್ವದಿಕ್ಕಿಗೆ ಹೊರಟಿತು. ಅದರ ಮೈಮೇಲೆ ಬರೆದಿದ್ದ ಸಂಖ್ಯೆ 535. ಆ ಸ್ಪರ್ಧೆಯ ಪದ್ಧತಿಯಂತೆ ಕಾರು ಹೊರಡುವ ಗಳಿಗೆಯೇ ಅದರ ಸಂಖ್ಯೆಯೂ ಆಗಿರುತ್ತಿತ್ತು. ಒಳಗೆ ಕುಳಿತಿದ್ದವನು ಒಬ್ಬನೇ. ಪಕ್ಕದಲ್ಲಿ ದಾರಿ ಹೇಳುವ ಸಹಾಯಕನಿರಲಿಲ್ಲ. ತಲೆಗೂದಲು ನರೆತು ಬೆಳ್ಳಗಾಗಿದ್ದ, ವಯಸ್ಸಿನಲ್ಲಿ ಐವತ್ತನ್ನು ದಾಟಿದ್ದ, ವೃತ್ತಿಯಿಂದ ಎಂಜಿನಿಯರನಾಗಿದ್ದ ಆ ಮನುಷ್ಯನ ಹೆಸರು ಪಿಯೆರೊ ತಾರುಫಿ. ರೋಮಿನವರೆಗೆ ಹೋಗಿ ಪುನಃ ಬ್ರೆಷಾಕ್ಕೆ ಹಿಂದಿರುಗುವ ಸುಮಾರು 1,600 ಕಿಲೋಮೀಟರುಗಳ ಈ ಪಂದ್ಯವನ್ನು ಗೆಲ್ಲಬೇಕೆಂದು ಆತನು ತನ್ನ ಯೌವನದಿಂದ ಹಿಡಿದು ಪ್ರಯತ್ನಿಸುತ್ತಲೇ ಬಂದಿದ್ದನು. ಬೇರೆಲ್ಲ ಕಡೆ ಒಲಿದ ಜಯಲಕ್ಷ್ಮಿ ಇಲ್ಲಿ ಮಾತ್ರ ಆತನಿಗೆ ಒಮ್ಮೆಯೂ ಒಲಿದಿರಲಿಲ್ಲ. ಇದೊಂದನ್ನು ಗೆದ್ದರೆ ಮತ್ತೆಂದೂ ಪಂದ್ಯದ ಕಾರನ್ನು ಹತ್ತುವುದಿಲ್ಲವೆಂದು ಪತ್ನಿ ಇಸಾಬೆಲ್ಲಾಳಿಗೆ ಆತನು ಮಾತು ಕೊಟ್ಟಿದ್ದನು.

ಆ ಪಂದ್ಯದ ಹೆಸರು ಮಿಲ್ಲೆ ಮಿಲ್ಯಾ, ಎಂದರೆ ಸಾವಿರ ಮೈಲಿ. ಅದರ ಹುಟ್ಟಿನ ಹಿಂದೆ ಒಂದು ಊರಿನ ಅಭಿಮಾನಭಂಗದ ಕಥೆಯಿದೆ. 1921ರಲ್ಲಿ ಇಟಲಿಯ ಮೊದಲ ಗ್ರಾಂ ಪ್ರಿ ಪಂದ್ಯವು ಬ್ರೆಷಾದ ಸಮೀಪದಲ್ಲಿ ನಡೆಯಿತು. ಆದರೆ ಮರುವರ್ಷವೇ ಮಿಲಾನಿನವರು ಮೋಂತ್ಸಾದಲ್ಲಿ ಹೊಸ ಪಥವನ್ನು ನಿರ್ಮಿಸಿ ಆ ಗೌರವವನ್ನು ತಮ್ಮ ಕಡೆಗೆ ಸೆಳೆದುಕೊಂಡರು. ಮೋಟಾರು ಪಂದ್ಯಗಳ ತವರೆಂದು ತಮ್ಮ ಊರನ್ನು ಭಾವಿಸಿಕೊಂಡಿದ್ದ ಬ್ರೆಷಾದ ಜನಕ್ಕೆ ಇದು ಸಹಿಸಲಾರದ ಅಪಮಾನವಾಯಿತು. ಐಮೊ ಮಾಜ್ಜಿ, ಫ್ರಾಂಕೊ ಮತ್ಸೊತ್ತಿ ಎಂಬ ಇಬ್ಬರು ತರುಣ ಶ್ರೀಮಂತರೂ, ವ್ಯವಸ್ಥೆಯಲ್ಲಿ ನಿಪುಣನಾದ ರೆಂಜೊ ಕಾಸ್ತಾಞೆತೊ ಎಂಬಾತನೂ, ಜೊವಾನ್ನಿ ಕಾನೆಸ್ತ್ರಿನಿ ಎಂಬ ಪತ್ರಿಕೋದ್ಯೋಗಿಯೂ ಕೂಡಿ ಆಲೋಚಿಸಿ, ಕಟ್ಟಿದ ಪಥವೇ ಬೇಡ, ದೇಶದ ರಾಜಮಾರ್ಗವೇ ಪಂದ್ಯದ ಅಂಗಳವಾಗಲಿ ಎಂದು ನಿಶ್ಚಯಿಸಿದರು. 1927ರ ಮಾರ್ಚ್ ತಿಂಗಳಲ್ಲಿ ಮೊದಲ ಪಂದ್ಯ ನಡೆದಾಗ, ಬ್ರೆಷಾದಲ್ಲೇ ತಯಾರಾದ ಓ.ಎಂ. ಕಾರನ್ನು ನಡೆಸಿದ ಮಿನೋಯಾ ಮತ್ತು ಮೊರಾಂದಿ ಎಂಬವರು 21 ಗಂಟೆಗಳಿಗೆ ತುಸು ಹೆಚ್ಚಿನ ಅವಧಿಯಲ್ಲಿ, ಗಂಟೆಗೆ ಸುಮಾರು 77 ಕಿಲೋಮೀಟರುಗಳ ಸರಾಸರಿ ವೇಗದಿಂದ ಗೆದ್ದರು. ಧೂಳು ತುಂಬಿದ ಅಂದಿನ ದಾರಿಗಳಲ್ಲಿ ಅದು ಆಶ್ಚರ್ಯಕರವಾದ ಸಾಧನೆಯೇ ಸರಿ. 1955ರಲ್ಲಿ ಸ್ಟರ್ಲಿಂಗ್ ಮಾಸ್ ಎಂಬ ಆಂಗ್ಲ ತರುಣನು, ದಾರಿಯ ತಿರುವುಗಳನ್ನೆಲ್ಲ ಉದ್ದನೆಯ ಕಾಗದದ ಸುರುಳಿಯಲ್ಲಿ ಬರೆದುಕೊಂಡು ಪಕ್ಕದಲ್ಲಿ ಕುಳಿತ ಡೆನಿಸ್ ಜೆಂಕಿನ್ಸನ್ನನ ಕೈಸನ್ನೆಯನ್ನು ನಂಬಿ, ಮರ್ಸಿಡಿಸ್ ಕಾರಿನಲ್ಲಿ ಅದೇ ಸಾವಿರ ಮೈಲಿಗಳನ್ನು 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಮುಗಿಸಿದನು. ಇಪ್ಪತ್ತೆಂಟು ವರ್ಷಗಳಲ್ಲಿ ಕಾರಿನ ವೇಗ ಇಮ್ಮಡಿಯಾಗಿತ್ತು. ಹಳ್ಳಿಯ ಬೀದಿಗಳು ಮಾತ್ರ ಇದ್ದಷ್ಟೇ ಅಗಲವಾಗಿ ಉಳಿದಿದ್ದವು.

ಆ ದಾರಿಯ ಸ್ವರೂಪವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಇಂದಿನ ಪಂದ್ಯಗಳನ್ನಷ್ಟೇ ಕಂಡಿರುವ ಓದುಗರಿಗೆ, ಬೇಲಿಯಿಲ್ಲದ, ಮರಳಿನ ಅಂಚಿಲ್ಲದ, ವೈದ್ಯರ ಸಹಾಯವು ಕರೆದ ಗಳಿಗೆಗೆ ಒದಗದ ಆ ಕಾಲದ ಪಂದ್ಯಪಥವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದು ಕಷ್ಟ. ಬ್ರೆಷಾವನ್ನು ಬಿಟ್ಟ ಕಾರು ವೆರೋನಾ, ವಿಚೆಂತ್ಸಾ, ಪಾದೊವಾ ನಗರಗಳ ಒಳಬೀದಿಗಳನ್ನು ಹಾದು, ಏಡ್ರಿಯಾಟಿಕ್ ಸಮುದ್ರದ ಕರಾವಳಿಯನ್ನು ಹಿಡಿದು ದಕ್ಷಿಣಕ್ಕೆ ಪೆಸ್ಕಾರಾದವರೆಗೆ ಇಳಿದು, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಅಬ್ರುತ್ಸಿಯ ಬೆಟ್ಟಗಳನ್ನು ಏರಿ ಲಾಕ್ವಿಲಾದ ಮೂಲಕ ರೋಮನ್ನು ಸೇರುತ್ತಿತ್ತು. ಹಿಂದಿರುಗುವ ದಾರಿಯಲ್ಲಿ ವಿತೆರ್ಬೊ, ರಾದಿಕೊಫಾನಿ, ಸಿಯೆನಾ, ಫ್ಲಾರೆನ್ಸ್; ಆಮೇಲೆ ಅಪೆನ್ನೈನ್ ಪರ್ವತಶ್ರೇಣಿಯ ಫೂತಾ ಮತ್ತು ರಾತಿಕೋಸಾ ಘಟ್ಟಗಳು; ಘಟ್ಟ ಇಳಿದರೆ ಬೊಲೋಞಾ; ಬೊಲೋಞಾದಿಂದ ಮುಂದೆ ಪೋ ನದಿಯ ಬಯಲಿನಲ್ಲಿ ಮೊದೆನಾ, ಪಾರ್ಮಾ, ಪಿಯಾಚೆಂತ್ಸಾಗಳ ಮೂಲಕ ನೇರವಾದ, ಸಮತಟ್ಟಾದ, ವೇಗವನ್ನು ಬಾ ಎಂದು ಕರೆಯುವ ರಸ್ತೆ. ದಾರಿಯುದ್ದಕ್ಕೂ ಸಾಲುಮರಗಳು, ರೈಲ್ವೆ ಗೇಟುಗಳು, ಕಲ್ಲಿನ ಸೇತುವೆಗಳು, ಇಗರ್ಜಿಯ ಮುಂದಿನ ಚೌಕಗಳು, ಮನೆಗಳ ಮೂಲೆಗಳು. ಸಣ್ಣ ಕಾರುಗಳು ಹಿಂದಿನ ರಾತ್ರಿಯೇ ಹೊರಡುತ್ತಿದ್ದುದರಿಂದ, ಬೆಳಗಿನ ಹೊತ್ತು ಹೊರಟ ದೊಡ್ಡ ಕಾರುಗಳು ದಾರಿಯಲ್ಲಿ ನೂರಾರು ಸಣ್ಣ ಕಾರುಗಳನ್ನು ಹಿಂದೆ ಹಾಕುತ್ತ ಸಾಗಬೇಕಾಗಿತ್ತು. ಇಷ್ಟೆಲ್ಲದರ ನಡುವೆ, ರಸ್ತೆಯ ಎರಡು ಅಂಚಿನಲ್ಲಿಯೂ ಜನ: ಅಜ್ಜಂದಿರು, ಮಗುವನ್ನು ಕಂಕುಳಲ್ಲೆತ್ತಿದ ತಾಯಂದಿರು, ಸೈಕಲ್ಲಿಗೆ ಒರಗಿ ನಿಂತ ಹುಡುಗರು. ಕಾರು ಹತ್ತಿರ ಬಂದಾಗ ಬಾಗಿ ನೋಡಿ, ಹಾದುಹೋಗುವ ಕ್ಷಣದಲ್ಲಿ ಹಿಂದೆ ಸರಿಯುವ ಆ ಜನಸಮೂಹವೇ ಪಥದ ಗೋಡೆಯಾಗಿತ್ತು.

ಅಂಥ ದಾರಿಯು ವೀರರನ್ನು ಸೃಷ್ಟಿಸಿದ್ದರಲ್ಲಿ ಆಶ್ಚರ್ಯವೇನಿದೆ? ಮಾಂತೊವಾದ ತಾತ್ಸಿಯೊ ನುವೊಲಾರಿಯ ಹೆಸರು ಇಟಲಿಯ ರೈತರ ಮನೆಗಳಲ್ಲಿ ಪುರಾಣಪುರುಷರ ಸಾಲಿನಲ್ಲಿ ಸೇರಿಹೋಗಿತ್ತು. 1930ರ ಪಂದ್ಯದಲ್ಲಿ ಆತನು ಮುಂಜಾವದ ಮಬ್ಬಿನಲ್ಲಿ ತನ್ನ ಕಾರಿನ ದೀಪಗಳನ್ನಾರಿಸಿ, ಪ್ರತಿಸ್ಪರ್ಧಿ ಅಕಿಲ್ಲೆ ವಾರ್ಜಿಗೆ ಸುಳಿವು ಸಿಗದಂತೆ ಬೆನ್ನಟ್ಟಿ ಬಂದು, ಗುರಿಯ ಸಮೀಪದಲ್ಲಿ ದೀಪ ಬೆಳಗಿಸಿ ಮುನ್ನುಗ್ಗಿದನೆಂಬ ಕಥೆಯನ್ನು ಇಂದಿಗೂ ಹೇಳುತ್ತಾರೆ. ಅದರಲ್ಲಿ ಚರಿತ್ರೆಯೆಷ್ಟು, ಜನರ ಪ್ರೀತಿಯೆಷ್ಟು ಎಂದು ಬೇರ್ಪಡಿಸಲು ನನಗೆ ಮನಸ್ಸಿಲ್ಲ. 1948ರಲ್ಲಿ, ಶ್ವಾಸಕೋಶದ ರೋಗದಿಂದ ಜರ್ಝರಿತನಾಗಿದ್ದ ಅದೇ ನುವೊಲಾರಿ, ಮಡ್‌ಗಾರ್ಡೂ ಎಂಜಿನ್ನಿನ ಮುಚ್ಚಳವೂ ಕಳಚಿಬಿದ್ದ ಫೆರಾರಿಯನ್ನು ಎಲ್ಲರಿಗಿಂತ ಮುಂದೆ ನಡೆಸುತ್ತಿದ್ದು, ಕೊನೆಗೆ ಕಾರು ಸಂಪೂರ್ಣವಾಗಿ ಸೋತಾಗ ಮಾತ್ರ ಇಳಿದನು. 1953ರಲ್ಲಿ ಆತನು ತೀರಿಕೊಂಡ ಮೇಲೆ, ಪಂದ್ಯದ ದಾರಿಯನ್ನು ಆತನ ಊರಾದ ಮಾಂತೊವಾದ ಮೂಲಕ ತಿರುಗಿಸಿ, ಕ್ರೆಮೋನಾದಿಂದ ಮಾಂತೊವಾ ಮಾರ್ಗವಾಗಿ ಬ್ರೆಷಾದವರೆಗಿನ ಆ ಕಡೆಯ ಭಾಗವನ್ನು ಅತಿವೇಗದಲ್ಲಿ ಕ್ರಮಿಸಿದವನಿಗೆ ನುವೊಲಾರಿಯ ಹೆಸರಿನಲ್ಲಿ ಪ್ರತ್ಯೇಕ ಬಹುಮಾನವನ್ನು ಸ್ಥಾಪಿಸಿದರು. ಗೌರವದಿಂದ ಮಾಡಿದ ಈ ಏರ್ಪಾಡು, ಇಡೀ ಹಗಲು ಓಡಿ ದಣಿದ ಕಾರುಗಳನ್ನೂ ಮನುಷ್ಯರನ್ನೂ ಕಡೆಯ ಬಯಲಿನಲ್ಲಿ ಇನ್ನಷ್ಟು ವೇಗಕ್ಕೆ ಪ್ರೇರೇಪಿಸಿತೆಂಬುದನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ತಾರುಫಿ ನುವೊಲಾರಿಯ ಜಾತಿಗೆ ಸೇರಿದ ವೀರನಲ್ಲ. ಆತನ ಶೌರ್ಯ ಬೇರೆಯ ಬಗೆಯದು. ನನ್ನ ಎಣಿಕೆಯಲ್ಲಿ ಅಪರೂಪವಾದುದೂ ಹೌದು. ಸಾಹಸವೂ ಲೆಕ್ಕಾಚಾರವೂ ಒಂದೇ ದೇಹದಲ್ಲಿ ಜಗಳವಿಲ್ಲದೆ ಬಾಳಬಲ್ಲವೆಂಬುದಕ್ಕೆ ಆತನ ಜೀವನ ಸಾಕ್ಷಿ. 1906ರ ಅಕ್ಟೋಬರಿನಲ್ಲಿ ಜನಿಸಿದ ಈ ರೋಮನ್ ತರುಣನು ಹಿಮಜಾರಾಟದಲ್ಲಿಯೂ ದೋಣಿ ಹುಟ್ಟುಹಾಕುವುದರಲ್ಲಿಯೂ ಪಳಗಿದ ಆಟಗಾರನಾಗಿದ್ದು, ಮೋಟಾರ್ ಸೈಕಲ್ಲಿನ ಮೇಲೆ ಪಂದ್ಯಜೀವನವನ್ನು ಆರಂಭಿಸಿದನು. ಆ ನಡುವೆಯೇ ಓದನ್ನು ಬಿಡದೆ ಎಂಜಿನಿಯರಿಂಗ್ ಪದವಿಯನ್ನು ಪಡೆದನು. ನಾಲ್ಕು ಸಿಲಿಂಡರುಗಳ ರೊಂದಿನೆ ಎಂಬ ಮೋಟಾರ್ ಸೈಕಲ್ಲನ್ನು ಪರೀಕ್ಷಿಸಿ ತಿದ್ದಿ ಪಂದ್ಯಕ್ಕೆ ಹದಗೊಳಿಸಿದವರಲ್ಲಿ ಆತನು ಪ್ರಮುಖ. ಆ ಯಂತ್ರ ಗಿಲೆರಾ ಕಂಪೆನಿಯ ಕೈಸೇರಿದ ಮೇಲೆ, 1937ರಲ್ಲಿ ಅದಕ್ಕೆ ಗಾಳಿಯನ್ನು ಸೀಳಿಹೋಗುವಂಥ ಹೊದಿಕೆಯನ್ನು ತೊಡಿಸಿ, ಬೆರ್ಗಾಮೊ ಮತ್ತು ಬ್ರೆಷಾಗಳ ನಡುವಣ ಹೆದ್ದಾರಿಯಲ್ಲಿ ಗಂಟೆಗೆ 274 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡಿಸಿ ವಿಶ್ವದಾಖಲೆಯನ್ನು ಸ್ಥಾಪಿಸಿದನು. ಯುದ್ಧಾನಂತರ ಎರಡು ಟಾರ್ಪಿಡೋಗಳನ್ನು ಜೊತೆಗಟ್ಟಿದಂತೆ ಕಾಣುವ ವಿಚಿತ್ರವಾದ ಕಾರೊಂದನ್ನು ತಾನೇ ರಚಿಸಿದನು: ಒಂದು ಒಡಲಿನಲ್ಲಿ ಎಂಜಿನ್ನು, ಇನ್ನೊಂದರಲ್ಲಿ ಚಾಲಕ, ನಡುವೆ ಬರಿಯ ಗಾಳಿ. ಆ ಕಾರಿನಲ್ಲಿಯೂ ಆತನು ಹಲವು ದಾಖಲೆಗಳನ್ನು ಪಡೆದನು. ಯಂತ್ರವನ್ನು ಏರುವುದಕ್ಕೆ ಮೊದಲು ಅದನ್ನು ಅರಿಯಬೇಕು ಎಂಬುದು ಆತನ ಬಾಳಿನ ಕ್ರಮವಾಗಿತ್ತು.

ಎಷ್ಟು ಅರಿತರೂ ಅಪಾಯ ಆತನನ್ನು ಬಿಡಲಿಲ್ಲ. 1934ರಲ್ಲಿ ಉತ್ತರ ಆಫ್ರಿಕದ ತ್ರಿಪೋಲಿಯಲ್ಲಿ, ಹದಿನಾರು ಸಿಲಿಂಡರುಗಳ ಭಾರಿ ಮಜೆರಾತಿ ಕಾರು ಆತನ ಹಿಡಿತ ತಪ್ಪಿ ರಸ್ತೆ ಬದಿಯ ದೊಡ್ಡ ಜಾಹೀರಾತು ಫಲಕಕ್ಕೆ ನುಗ್ಗಿತು. ತೀವ್ರವಾಗಿ ಗಾಯಗೊಂಡರೂ ಜೀವ ಉಳಿಯಿತು. ಬೇರೊಬ್ಬನಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದನೋ ಏನೋ. ತಾರುಫಿ ಗುಣಹೊಂದಿ ಮರಳಿ ಬಂದನು. ಆಮೇಲೆ ಯುದ್ಧ ಬಂದು ವರ್ಷಗಳನ್ನು ನುಂಗಿತು. ಇತರರು ನಿವೃತ್ತರಾಗುವ ವಯಸ್ಸಿನಲ್ಲಿ ಆತನ ಶ್ರೇಷ್ಠವಾದ ಫಲಗಳು ಪಕ್ವವಾದವು. 1951ರ ನವೆಂಬರಿನಲ್ಲಿ ಮೆಕ್ಸಿಕೋ ದೇಶದ ದಕ್ಷಿಣದ ತುದಿಯಿಂದ ಉತ್ತರದ ಗಡಿಯವರೆಗೆ ಹಲವು ದಿನಗಳ ಕಾಲ ನಡೆದ ಕಾರೆರಾ ಪಾನಾಮೆರಿಕಾನಾ ಎಂಬ ಪಂದ್ಯದಲ್ಲಿ, ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿಗಳಿಗೂ ಮೀರಿದ ಎತ್ತರಕ್ಕೆ ಏರಿ ಇಳಿಯುವ ಮೂರು ಸಾವಿರಕ್ಕೂ ಹೆಚ್ಚಿನ ಕಿಲೋಮೀಟರುಗಳನ್ನು, ಲುಯಿಜಿ ಕಿನೆತ್ತಿಯೊಡನೆ ಫೆರಾರಿಯಲ್ಲಿ ಕ್ರಮಿಸಿ ಗೆದ್ದನು. ನರೆತ ಕೂದಲಿನ ಈ ಜಾಣನನ್ನು ಜನರು ಬೆಳ್ಳಿಯ ನರಿಯೆಂದು ಕರೆದರು, ಆ ಹೆಸರು ಆತನಿಗೆ ಅಂಟಿಕೊಂಡಿತು. 1952ರ ಮೇ ತಿಂಗಳಲ್ಲಿ ಬರ್ನ್ ನಗರದ ಬಳಿಯ ಬ್ರೆಮ್‌ಗಾರ್ಟನ್ ಕಾಡಿನ ಪಥದಲ್ಲಿ, ನಲವತ್ತೈದರ ವಯಸ್ಸಿನಲ್ಲಿ, ಸ್ವಿಸ್ ಗ್ರಾಂ ಪ್ರಿಯನ್ನು ಗೆದ್ದನು. ಆ ವರ್ಷದ ವಿಶ್ವಚಾಂಪಿಯನ್ ಪಟ್ಟಿಯಲ್ಲಿ ಆತನಿಗೆ ಮೂರನೆಯ ಸ್ಥಾನ. 1954ರಲ್ಲಿ ಸಿಸಿಲಿಯ ಮದೊನಿಯೆ ಬೆಟ್ಟಗಳಲ್ಲಿ ತಾರ್ಗಾ ಫ್ಲೋರಿಯೊವನ್ನು ಲಾಂಚಿಯಾ ಕಾರಿನಲ್ಲಿ ಗೆದ್ದನು. ಆತನು ಹುಟ್ಟಿದ ವರ್ಷವೇ ಹುಟ್ಟಿದ ಪಂದ್ಯ ಅದು.

ಮಿಲ್ಲೆ ಮಿಲ್ಯಾ ಒಂದು ಮಾತ್ರ ಕೈಗೆ ಎಟುಕಲಿಲ್ಲ. 1930ರ ದಶಕದಿಂದಲೂ ಆತನು ಆ ದಾರಿಯಲ್ಲಿ ಓಡಿದ್ದನು. 1933ರಲ್ಲಿ ಮೂರನೆಯವನಾಗಿ ಬಂದದ್ದುಂಟು. 1954ರಲ್ಲಿ ಲಾಂಚಿಯಾ ತಂಡದ ಪರವಾಗಿ ಎಲ್ಲರಿಗಿಂತ ಮುಂದೆ ಧಾವಿಸುತ್ತಿದ್ದವನು ರಸ್ತೆ ಬಿಟ್ಟು ಹೊರಬಿದ್ದನು. ಗೆದ್ದವನು ಅದೇ ತಂಡದ ಆಲ್ಬೆರ್ತೊ ಅಸ್ಕಾರಿ. 1955ರಲ್ಲಿ, ಮಾಸ್ ದಾಖಲೆಯನ್ನು ಸ್ಥಾಪಿಸಿದ ಆ ಪಂದ್ಯದಲ್ಲಿಯೇ, ಪೆಸ್ಕಾರಾವನ್ನು ತಲಪಿದಾಗ ಕಾಲದ ಲೆಕ್ಕದಲ್ಲಿ ಮುಂದಿದ್ದವನು ತಾರುಫಿ; ಮುಂದೆ ಯಂತ್ರವು ಕೈಕೊಟ್ಟಿತು. ರೋಮಿನಲ್ಲಿ ಮೊದಲಿಗನಾದವನು ಬ್ರೆಷಾದಲ್ಲಿ ಮೊದಲಿಗನಾಗಲಾರನೆಂಬ ನಂಬಿಕೆಯೊಂದು ಆ ಪಂದ್ಯದ ಸುತ್ತ ಬೆಳೆದಿತ್ತು. ಮಾಸ್ ಅದನ್ನು ಸುಳ್ಳು ಮಾಡಿದನಾದರೂ, ಅದರ ಮೂಲದಲ್ಲಿದ್ದ ಸತ್ಯ ಸುಳ್ಳಾಗಲಿಲ್ಲ: ಸಾವಿರ ಮೈಲಿಗಳ ಓಟದಲ್ಲಿ ಮೊದಲರ್ಧದ ವೇಗವನ್ನು ಎರಡನೆಯ ಅರ್ಧದಲ್ಲಿ ಯಂತ್ರವೇ ತೀರಿಸಬೇಕಾಗುತ್ತದೆ.

1957ರಲ್ಲಿ ಎಂಜೊ ಫೆರಾರಿ ಐದು ಕಾರುಗಳನ್ನು ಕಳುಹಿಸಿದನು. ಪೀಟರ್ ಕಾಲಿನ್ಸ್ ಎಂಬ ಆಂಗ್ಲ ತರುಣ, ಪಕ್ಕದಲ್ಲಿ ಛಾಯಾಚಿತ್ರಕಾರ ಲೂಯಿ ಕ್ಲೆಮಾಂತಾಸ್ಕಿ; ಜರ್ಮನಿಯ ವೋಲ್ಫ್‌ಗಾಂಗ್ ಫಾನ್ ಟ್ರಿಪ್ಸ್, ಒಂಟಿಯಾಗಿ; ಸ್ಪೇನಿನ ಶ್ರೀಮಂತ ಮನೆತನದ ಆಲ್ಫೊನ್ಸೊ ದೆ ಪೋರ್ತಾಗೊ, ಪಕ್ಕದಲ್ಲಿ ಆತನ ಅಮೆರಿಕನ್ ಸ್ನೇಹಿತ ಎಡ್ಮಂಡ್ ನೆಲ್ಸನ್; ಬೆಲ್ಜಿಯಮ್ಮಿನ ಒಲಿವಿಯೆ ಜಾಂದೆಬಿಯಾಂ, ಚಿಕ್ಕದಾದ ಮುಚ್ಚುಗಾಡಿಯಲ್ಲಿ; ಮತ್ತು ತಾರುಫಿ. ಇನ್ನೊಬ್ಬ ಇರಬೇಕಾಗಿತ್ತು: ಹಿಂದಿನ ವರ್ಷ ಮಳೆಯಲ್ಲಿ ಈ ಪಂದ್ಯವನ್ನು ಗೆದ್ದಿದ್ದ ಎಉಜೆನಿಯೊ ಕಾಸ್ಟೆಲ್ಲೊತ್ತಿ. ಅವನು ಎರಡು ತಿಂಗಳ ಹಿಂದೆ, ಮಾರ್ಚ್ 14ರಂದು, ಮೊದೆನಾದಲ್ಲಿ ಕಾರನ್ನು ಪರೀಕ್ಷಿಸುತ್ತಿರುವಾಗ ಮಡಿದಿದ್ದನು. ಎಲ್ಲರೂ ಭಯಪಡುತ್ತಿದ್ದ ಮಜೆರಾತಿಯ ಮಾಸ್ ಹೊರಟು ಕೆಲವೇ ನಿಮಿಷಗಳಲ್ಲಿ ಬ್ರೇಕಿನ ಪೆಡಲು ಮುರಿದು ಹಿಂದಿರುಗಿದನು. ಆಮೇಲೆ ಪಂದ್ಯವೆಂದರೆ ಫೆರಾರಿಯವರ ನಡುವಣ ಮಾತಾಯಿತು.

ಕಾಲಿನ್ಸ್ ರೋಮಿನಲ್ಲಿಯೂ ಮೊದಲು, ಘಟ್ಟಗಳನ್ನಿಳಿದು ಬೊಲೋಞಾಕ್ಕೆ ಬಂದಾಗಲೂ ಮೊದಲು. ತಾರುಫಿಯ ಕಾರಿನಲ್ಲಾದರೋ ಚಕ್ರಗಳಿಗೆ ಬಲವನ್ನು ಸಾಗಿಸುವ ಯಂತ್ರಭಾಗಗಳು ನರಳಲು ತೊಡಗಿದ್ದವು. ಬೊಲೋಞಾದಲ್ಲಿ ಆತನು ಪಂದ್ಯವನ್ನು ಬಿಟ್ಟುಬಿಡಬೇಕೆಂದು ಯೋಚಿಸಿದನೆಂದೂ, ಕಾಲಿನ್ಸನ ಕಾರಿನ ಸ್ಥಿತಿಯೂ ಚೆನ್ನಾಗಿಲ್ಲವೆಂದು ಎಂಜೊ ಫೆರಾರಿಯೇ ತಿಳಿಸಿ ಮುಂದಕ್ಕೆ ಕಳುಹಿಸಿದನೆಂದೂ ತರುವಾಯದ ವೃತ್ತಾಂತಗಳು ಹೇಳುತ್ತವೆ. ಆ ಗಳಿಗೆಯಿಂದ ಬ್ರೆಷಾದವರೆಗೆ ತಾರುಫಿ ನಡೆಸಿದ ಓಟವೇ ನನ್ನ ದೃಷ್ಟಿಯಲ್ಲಿ ಆತನ ಮೂವತ್ತು ವರ್ಷಗಳ ವಿದ್ಯೆಯ ಸಾರ. ಗೇರು ಬದಲಿಸುವುದನ್ನು ಆದಷ್ಟು ಕಡಿಮೆ ಮಾಡಿ, ಎಂಜಿನ್ನಿನ ಬಲವನ್ನು ಒಮ್ಮೆಲೇ ಹೇರದೆ ಮೆಲ್ಲಮೆಲ್ಲನೆ ಹರಿಯಗೊಟ್ಟು, ತಿರುವುಗಳಲ್ಲಿ ಕಳೆದುಕೊಂಡದ್ದನ್ನು ನೇರದಾರಿಯಲ್ಲಿ ಸಮಾಧಾನದಿಂದ ಕೂಡಿಸಿಕೊಳ್ಳುತ್ತ, ಕುಂಟುತ್ತಿರುವ ಹಸುವನ್ನು ಊರಿಗೆ ನಡೆಸಿಕೊಂಡು ಬರುವ ಗೋಪಾಲನಂತೆ, ಆತನು ಆ ಗಾಯಗೊಂಡ ಯಂತ್ರವನ್ನು ಪೋ ನದಿಯ ಬಯಲಿನಲ್ಲಿ ನಡೆಸಿದನು. ಬಲದಿಂದ ಕಾರನ್ನು ಮುರಿಯುವುದು ಯಾರಿಗಾದರೂ ಸಾಧ್ಯ. ಮುರಿಯುತ್ತಿರುವ ಕಾರನ್ನು ಮುರಿಯಗೊಡದೆ ವೇಗವಾಗಿ ಓಡಿಸುವುದಕ್ಕೆ ಕೈಬೆರಳುಗಳಲ್ಲಿ ಎಂಜಿನಿಯರನೊಬ್ಬ ಇರಬೇಕು. ಪಾರ್ಮಾದ ಸಮೀಪದಲ್ಲಿ ಕಾಲಿನ್ಸನ ಕಾರು ನಿಂತುಬಿಟ್ಟಿತು. ತಾರುಫಿ ಮೊದಲಿಗನಾದನು.

ಹಿಂದೆ ಇನ್ನೂ ಒಬ್ಬನಿದ್ದನು. ಫಾನ್ ಟ್ರಿಪ್ಸನು ಆತನಿಗಿಂತ ಮೂರು ನಿಮಿಷ ಮುಂಚಿತವಾಗಿ, 5 ಗಂಟೆ 32 ನಿಮಿಷಕ್ಕೆ, ಹೊರಟವನು. ಕಡೆಯ ಭಾಗದಲ್ಲಿ ಇಬ್ಬರ ಕಾರುಗಳೂ ರಸ್ತೆಯ ಮೇಲೆ ಒಂದಾದವು. ಫಾನ್ ಟ್ರಿಪ್ಸನ ವಯಸ್ಸು 29. ಅವನ ಯಂತ್ರ ಸ್ವಸ್ಥವಾಗಿತ್ತು. ಮುಂದಿನವನ ಸಂಕಟವನ್ನು ಕಣ್ಣಾರೆ ಕಂಡರೂ ಅವನು ಮೇಲೆ ಬೀಳದೆ ಹಿಂದೆಯೇ ಉಳಿದನು. ತಂಡದ ಯಜಮಾನನ ಅಪ್ಪಣೆ ಹಾಗಿತ್ತೆಂದು ಕೆಲವರು, ಹಿರಿಯನಿಗೆ ಕಿರಿಯನು ತೋರಿದ ಗೌರವವೆಂದು ಕೆಲವರು ಹೇಳುತ್ತಾರೆ. ಎರಡನೆಯದನ್ನು ನಂಬಲು ನನಗೆ ಇಷ್ಟ. ತಾರುಫಿ 10 ಗಂಟೆ 27 ನಿಮಿಷ 47 ಸೆಕೆಂಡುಗಳಲ್ಲಿ ಪಂದ್ಯವನ್ನು ಮುಗಿಸಿದನು. ಫಾನ್ ಟ್ರಿಪ್ಸನಿಗೆ ಹಿಡಿದದ್ದು ಮೂರು ನಿಮಿಷ ಹೆಚ್ಚು. ಹೊರಟ ವೇಳೆಯನ್ನೂ ಮುಗಿಸಿದ ವೇಳೆಯನ್ನೂ ಕೂಡಿಸಿ ನೋಡಿದರೆ ಅವರಿಬ್ಬರೂ ಒಬ್ಬರ ಬೆನ್ನಿಗೊಬ್ಬರು ಎಂಬಂತೆ ಗುರಿಯನ್ನು ದಾಟಿದರೆಂದು ತಿಳಿಯುತ್ತದೆ. ಸಂಜೆ ನಾಲ್ಕು ಗಂಟೆಯ ಆಸುಪಾಸಿನಲ್ಲಿ ಬ್ರೆಷಾದ ಜನ ತಮ್ಮ ಬೆಳ್ಳಿಗೂದಲ ವೀರನನ್ನು ಹೆಗಲ ಮೇಲೆ ಹೊರಲು ಸಿದ್ಧರಾದರು.

ಸರಿಸುಮಾರು ಅದೇ ವೇಳೆಗೆ, ಅಲ್ಲಿಂದ ನಲವತ್ತು ಕಿಲೋಮೀಟರುಗಳಷ್ಟು ಹಿಂದೆ, ಮಾಂತೊವಾದಿಂದ ಬರುವ ನೇರದಾರಿಯಲ್ಲಿ, ನುವೊಲಾರಿಯ ಹೆಸರಿನ ಬಹುಮಾನಕ್ಕಾಗಿ ಮೀಸಲಾದ ಆ ಭಾಗದಲ್ಲೇ, ಗ್ವಿದಿತ್ಸೊಲೊ ಎಂಬ ಹಳ್ಳಿಯ ಹತ್ತಿರ ಪೋರ್ತಾಗೊನ ಕಾರಿನ ಟಯರು ಸಿಡಿಯಿತು. ಗಂಟೆಗೆ 240 ಕಿಲೋಮೀಟರಿನಷ್ಟು ವೇಗದಲ್ಲಿದ್ದ ಕಾರು ರಸ್ತೆಯ ಬದಿಯ ಮೈಲಿಗಲ್ಲಿಗೆ ಬಡಿದು, ಗಾಳಿಗೆ ಚಿಮ್ಮಿ, ನೋಡಲು ನಿಂತ ಜನರ ಮೇಲೆ ಬಿದ್ದಿತು. 28 ವರ್ಷದ ಪೋರ್ತಾಗೊ, ಆತನ ಸ್ನೇಹಿತ ನೆಲ್ಸನ್, ಒಂಬತ್ತು ಮಂದಿ ಪ್ರೇಕ್ಷಕರು: ಒಟ್ಟು ಹನ್ನೊಂದು ಜೀವಗಳು ಕ್ಷಣಮಾತ್ರದಲ್ಲಿ ಹೋದವು. ಆ ಒಂಬತ್ತು ಮಂದಿಯಲ್ಲಿ ಐವರು ಮಕ್ಕಳು. ಅದಕ್ಕೆ ಮುಂಚಿನ ನಿಲುಗಡೆಯಲ್ಲಿ ಚಕ್ರದ ಬಳಿ ಏನೋ ದೋಷ ಕಂಡಿತ್ತೆಂದೂ, ಕಾಲ ವ್ಯರ್ಥವಾದೀತೆಂದು ಟಯರನ್ನು ಬದಲಿಸದೆ ಹೊರಟರೆಂದೂ ಹೇಳಲಾಗಿದೆ. ಎಂಜೊ ಫೆರಾರಿಯ ಮೇಲೆ ನರಹತ್ಯೆಯ ಮೊಕದ್ದಮೆ ನಡೆದು, 1961ರಲ್ಲಿ ನ್ಯಾಯಾಲಯವು ಆತನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಟಯರಿನದೋ, ತಯಾರಕನದೋ, ಚಾಲಕನದೋ ತಪ್ಪೆಂದು ವಾದಿಸುವವರು ಒಂದು ಮಾತನ್ನು ಮರೆಯುತ್ತಾರೆ: ಆ ವೇಗದಲ್ಲಿ ಟಯರು ಸಿಡಿದರೆ ಕಾರು ಎಲ್ಲಿ ಹೋಗಬೇಕೋ ಅಲ್ಲಿ ಮಕ್ಕಳು ನಿಂತಿದ್ದರು.

ಇಟಲಿಯ ಜನಕ್ಕೆ ಈ ದುಃಖ ಹೊಸದಾಗಿರಲಿಲ್ಲ. 1938ರಲ್ಲಿ ಇದೇ ಪಂದ್ಯದಲ್ಲಿ, ಬೊಲೋಞಾದಲ್ಲಿ, ಲಾಂಚಿಯಾ ಕಾರೊಂದು ಜನರ ನಡುವೆ ನುಗ್ಗಿ ಹತ್ತು ಜನರನ್ನು ಬಲಿ ತೆಗೆದುಕೊಂಡಿತ್ತು. ಅವರಲ್ಲಿ ಏಳು ಮಂದಿ ಮಕ್ಕಳು. ಆಗ ಸರ್ಕಾರ ಪಂದ್ಯವನ್ನು ನಿಷೇಧಿಸಿತು. 1940ರಲ್ಲಿ ಬ್ರೆಷಾ, ಕ್ರೆಮೋನಾ, ಮಾಂತೊವಾಗಳ ನಡುವೆ ಮೂರು ಮೂಲೆಯ ಸಣ್ಣ ದಾರಿಯಲ್ಲಿ ಪಂದ್ಯ ನಡೆಯಿತು. ಯುದ್ಧ ಮುಗಿದ ಮೇಲೆ ಎಲ್ಲವನ್ನೂ ಮರೆತು ಮತ್ತೆ ರೋಮಿನ ದಾರಿಯನ್ನು ತೆರೆದರು. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಒಂದೇ ಅಪಘಾತದಲ್ಲಿ ಮಡಿದಾಗಲೂ ಮಿಲ್ಲೆ ಮಿಲ್ಯಾ ನಿಲ್ಲಲಿಲ್ಲ. ಗ್ವಿದಿತ್ಸೊಲೊದ ಐದು ಮಕ್ಕಳ ಶವಪೆಟ್ಟಿಗೆಗಳು ಕಡೆಗೆ ಅದನ್ನು ನಿಲ್ಲಿಸಿದವು. ಕೆಲವೇ ದಿನಗಳಲ್ಲಿ ಸರ್ಕಾರವು ಸಾರ್ವಜನಿಕ ರಸ್ತೆಗಳ ಮೇಲಿನ ವೇಗದ ಪಂದ್ಯವನ್ನು ನಿಷೇಧಿಸಿತು. ಹೀಗೆ ತಾರುಫಿಯ ಮೊದಲ ಗೆಲುವೇ ಆ ಪಂದ್ಯದ ಕೊನೆಯ ಗೆಲುವಾಯಿತು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬಂದೆ. ತಾರುಫಿಯನ್ನು ಮೆಚ್ಚಲು ಆತನ ಗೆಲುವುಗಳೇ ಸಾಕು. ಆದರೆ ಗೆದ್ದ ಮೇಲೆ ಆತನು ಮಾಡಿದ ಕಾರ್ಯವು ಗೆಲುವಿಗಿಂತ ದೊಡ್ಡದು. ಪತ್ನಿಗೆ ಕೊಟ್ಟ ಮಾತಿನಂತೆ ನಿವೃತ್ತನಾಗಿ, ಸನ್ಮಾನಗಳನ್ನು ಸ್ವೀಕರಿಸಿಕೊಂಡು ಸುಮ್ಮನಿದ್ದಿದ್ದರೆ ಆತನನ್ನು ಆಕ್ಷೇಪಿಸುವವರು ಯಾರೂ ಇರಲಿಲ್ಲ. ನಿಷೇಧವು ಅನ್ಯಾಯವೆಂದು, ಪಂದ್ಯವು ರಾಷ್ಟ್ರದ ಕೀರ್ತಿಯೆಂದು, ಅಪಘಾತವು ದೈವೇಚ್ಛೆಯೆಂದು ವಾದಿಸುವ ದೊಡ್ಡ ದನಿಗಳು ಅಂದು ಇಟಲಿಯಲ್ಲಿ ಇದ್ದೇ ಇದ್ದವು. ಕೊನೆಯ ವಿಜಯಿಯೂ ಆ ಗುಂಪಿಗೆ ಸೇರಿದ್ದರೆ ಅವರಿಗೆ ಅದಕ್ಕಿಂತ ಹೆಚ್ಚಿನ ಬಲ ಬೇರೆ ಬೇಕಿರಲಿಲ್ಲ. ಆತನು ಸೇರಲಿಲ್ಲ. ಅದೇ ವರ್ಷದ ಕೊನೆಯ ಭಾಗದಲ್ಲಿ ಅಮೆರಿಕದ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಎಂಬ ವಾರಪತ್ರಿಕೆಯಲ್ಲಿ, ನಾವು ಮತ್ತೆ ಕೊಲ್ಲುವ ಮುನ್ನ ನಮ್ಮನ್ನು ತಡೆಯಿರಿ ಎಂಬರ್ಥದ ಶಿರೋನಾಮೆಯಿಂದ ಆತನ ಲೇಖನ ಪ್ರಕಟವಾಯಿತು. ತೆರೆದ ರಸ್ತೆಗೂ ಈ ಕಾಲದ ಕಾರಿಗೂ ಇನ್ನು ಹೊಂದಾಣಿಕೆಯಿಲ್ಲವೆಂದು ಜಗತ್ತಿಗೆ ಹೇಳಿದವನು ಪಾದ್ರಿಯಲ್ಲ, ರಾಜಕಾರಣಿಯಲ್ಲ, ಪಂದ್ಯವನ್ನು ಕಾಣದ ಟೀಕಾಕಾರನಲ್ಲ. ಆ ದಾರಿಯನ್ನು ಕಾಲು ಶತಮಾನದಷ್ಟು ಕಾಲ ಪ್ರೀತಿಸಿ, ಅದನ್ನು ಕಟ್ಟಕಡೆಗೆ ಗೆದ್ದವನು. ಗೆಲುವಿನ ಸುಖವನ್ನು ಸವಿಯುವುದಕ್ಕೂ ಮುಂಚೆ, ಆ ಗೆಲುವು ಎಂಥ ಬೆಲೆಗೆ ಬಂದಿತೆಂಬುದನ್ನು ಕಂಡು, ತನ್ನನ್ನೂ ಸೇರಿಸಿಕೊಂಡು ಇಡೀ ಬಳಗವನ್ನು ಹೊಣೆಗಾರರ ಸಾಲಿನಲ್ಲಿ ನಿಲ್ಲಿಸುವುದಕ್ಕೆ ಬೇಕಾದ ಧೈರ್ಯವು, ಫೂತಾ ಘಟ್ಟವನ್ನು ಮುರಿದ ಯಂತ್ರದಲ್ಲಿ ಇಳಿಯುವ ಧೈರ್ಯಕ್ಕಿಂತ ಎಷ್ಟೋ ಪಾಲು ಹೆಚ್ಚಿನದು.

ಆತನ ಪಂದ್ಯದ ಬುದ್ಧಿಯೂ ವ್ಯರ್ಥವಾಗಲಿಲ್ಲ. ತಿರುವಿನಲ್ಲಿ ಕಾರು ಹಿಡಿಯಬೇಕಾದ ರೇಖೆ ಯಾವುದು, ಟಯರಿನ ಹಿಡಿತದ ಎಲ್ಲೆ ಎಲ್ಲಿ, ಬ್ರೇಕು ಹಾಕಲು ತಕ್ಕ ಸ್ಥಳವಾವುದು ಎಂಬುದನ್ನೆಲ್ಲ ಗಣಿತದ ರೇಖಾಚಿತ್ರಗಳೊಡನೆ ವಿವರಿಸುವ ಗ್ರಂಥವೊಂದನ್ನು ಆತನು ಬರೆದನು. ಐದು ಬಾರಿ ವಿಶ್ವಚಾಂಪಿಯನ್ ಆಗಿದ್ದ ಹುವಾನ್ ಮಾನ್ಯುಯೆಲ್ ಫಾಂಜಿಯೊ ಅದಕ್ಕೆ ಮುನ್ನುಡಿ ಬರೆದನು. ಚಾಲಕರ ಕಲೆಯೆಂದರೆ ರಕ್ತದಲ್ಲಿ ಬರುವ ಹುಚ್ಚೆಂದು ಜನ ತಿಳಿದಿದ್ದ ಕಾಲದಲ್ಲಿ, ಅದನ್ನು ಕಲಿಯಬಹುದಾದ, ಕಲಿಸಬಹುದಾದ ಶಾಸ್ತ್ರವನ್ನಾಗಿ ಮಾಡಿದ ಕೃತಿಗಳಲ್ಲಿ ಅದು ಮೊದಮೊದಲಿನದು. ತರುಣ ಚಾಲಕರ ಎರಡು ಪೀಳಿಗೆಗಳು ಅದನ್ನು ಓದಿ ಬೆಳೆದವು.

ಬೇರೆಯ ಪಂದ್ಯಗಳು ಪಾಠ ಕಲಿಯಲು ಇನ್ನೂ ಬಹಳ ಕಾಲ ಹಿಡಿಯಿತು. ಮಿಲ್ಲೆ ಮಿಲ್ಯಾದ ಹೆಸರು 1961ರವರೆಗೆ ವೇಗಮಿತಿಯುಳ್ಳ ರ‍್ಯಾಲಿಯ ರೂಪದಲ್ಲಿ ಉಳಿಯಿತು. ತಾರ್ಗಾ ಫ್ಲೋರಿಯೊ ಸಿಸಿಲಿಯ ಹಳ್ಳಿಗಳ ನಡುವೆ 1977ರವರೆಗೂ ಓಡಿ, ಮತ್ತೆ ಪ್ರೇಕ್ಷಕರ ಸಾವಿನಿಂದಲೇ ಕೊನೆಗೊಂಡಿತು. ಅಂದು ಬ್ರೆಷಾದಿಂದ ಫೆರಾರಿಯ ಐದು ಕಾರುಗಳನ್ನು ನಡೆಸಿ ಹೊರಟ ಐವರಲ್ಲಿ ಪೋರ್ತಾಗೊ ಆ ಸಂಜೆಯನ್ನು ಕಾಣಲಿಲ್ಲ. ಕಾಲಿನ್ಸ್ ಮರುವರ್ಷ ಜರ್ಮನಿಯ ನ್ಯೂರ್ಬುರ್ಗ್‌ರಿಂಗ್‌ನಲ್ಲಿ ಮಡಿದನು. ಹಿರಿಯನ ಹಿಂದೆ ಉಳಿದ ಫಾನ್ ಟ್ರಿಪ್ಸ್ 1961ರಲ್ಲಿ ಮೋಂತ್ಸಾದಲ್ಲಿ ಮಡಿದನು, ಆತನೊಡನೆ ಅನೇಕ ಪ್ರೇಕ್ಷಕರೂ ಮಡಿದರು. ವೃದ್ಧಾಪ್ಯವನ್ನು ಕಂಡವರು ಜಾಂದೆಬಿಯಾಂ ಮತ್ತು ತಾರುಫಿ ಇಬ್ಬರೇ. ಅಂದು ಹೊರಟಾಗಲೇ ಎಲ್ಲರಿಗಿಂತ ವಯಸ್ಸಾಗಿದ್ದ ತಾರುಫಿ 1988ರ ಜನವರಿಯಲ್ಲಿ, 81ನೆಯ ವಯಸ್ಸಿನಲ್ಲಿ, ರೋಮಿನಲ್ಲಿ ತೀರಿಕೊಂಡನು. ರೋಮಿನ ಉತ್ತರಕ್ಕಿರುವ ವಾಲ್ಲೆಲುಂಗಾದ ಪಂದ್ಯಪಥವು ಇಂದು ಆತನ ಹೆಸರನ್ನು ಹೊತ್ತಿದೆ. ಅದು ಪಂದ್ಯಕ್ಕಾಗಿಯೇ ಕಟ್ಟಿದ, ಊರಿನ ಬೀದಿಗಳಿಂದ ಬೇರ್ಪಟ್ಟ ಪಥ.